ನಾಲ್ಕು ಪ್ರಶ್ನೆ, ಐದು ಗುಂಪು: ಸಸ್ಯ ವರ್ಗೀಕರಣ ಗೆಲ್ಲಲು ಹನ್ನೆರಡು ಸೂತ್ರಗಳು

ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರದಲ್ಲಿ ಮಕ್ಕಳು ಹೆದರುವ ಪಾಠ ಒಂದಿದೆ: ಸಸ್ಯ ಸಾಮ್ರಾಜ್ಯ. ಸ್ಪೈರೋಗೈರಾ, ಫ್ಯೂನೇರಿಯಾ, ಸೆಲಾಜಿನೆಲ್ಲಾ, ಸೈಕಸ್ ಎಂದು ಹೆಸರುಗಳ ಸುರಿಮಳೆ. ರಾತ್ರಿಯೆಲ್ಲ ಉರು ಹೊಡೆದು, ಬೆಳಿಗ್ಗೆ ಒಂದರ ಲಕ್ಷಣವನ್ನು ಇನ್ನೊಂದಕ್ಕೆ ಬರೆದು ಬರುತ್ತಾರೆ. ವರ್ಷಗಟ್ಟಲೆ ಈ ಪಾಠ ಹೇಳಿದ ಮೇಲೆ ನನಗೆ ಖಚಿತವಾದದ್ದು ಒಂದೇ ಮಾತು: ಗಿಡವನ್ನು ಕೈಯಲ್ಲಿ ಹಿಡಿದು ನೋಡಿದವರು ಅದರ ಗುಂಪನ್ನು ಮರೆಯುವುದಿಲ್ಲ.

ಈ ವಿಷಯದಲ್ಲಿ ಬೆಳಗಾವಿಯ ಮಕ್ಕಳಷ್ಟು ಅನುಕೂಲ ಇರುವವರು ಕಡಿಮೆ. ಪೂರ್ವಕ್ಕೆ ಜೋಳ, ಕಬ್ಬಿನ ಬಯಲು. ಸುಮಾರು 25 ಕಿಲೋಮೀಟರ್ ದೂರದಲ್ಲಿ ಖಾನಾಪುರ. ಅದರಾಚೆ ಜಾಂಬೋಟಿ, ಭೀಮಗಡದ ಕಾಡು, ಮಲಪ್ರಭೆ ಹುಟ್ಟುವ ಕಣಕುಂಬಿ. ಮಳೆಗಾಲದ ಒಂದೇ ಭಾನುವಾರ ಇಷ್ಟರಲ್ಲಿ ಓಡಾಡಿದರೆ ಸಸ್ಯಲೋಕದ ಐದೂ ಗುಂಪುಗಳು ಕಣ್ಣಿಗೆ ಬೀಳುತ್ತವೆ. ನೋಡುವ ಕ್ರಮ ಗೊತ್ತಿರಬೇಕು, ಅಷ್ಟೇ.

1. ಹೆಸರಿಗೆ ಮೊದಲು ನಾಲ್ಕು ಪ್ರಶ್ನೆ ಕೇಳಿ

ಯಾವ ಸಸ್ಯ ಎದುರಾದರೂ ಇದೇ ಕ್ರಮದಲ್ಲಿ ಕೇಳಿ. ಒಂದು, ತಾಯಿ ಸಸ್ಯ ಭ್ರೂಣವನ್ನು ತನ್ನ ಮೈಯಲ್ಲಿಟ್ಟುಕೊಂಡು ಬೆಳೆಸುತ್ತದೆಯೇ? ಇಲ್ಲವಾದರೆ ಅದು ಶೈವಲ. ಎರಡು, ನೀರು, ಆಹಾರ ಸಾಗಿಸುವ ನಾಳಗಳಿವೆಯೇ? ಇಲ್ಲವಾದರೆ ಹಾವಸೆಯ ಗುಂಪು, ಅಂದರೆ ಬ್ರಯೋಫೈಟ. ಮೂರು, ಬೀಜ ಬಿಡುತ್ತದೆಯೇ? ಇಲ್ಲವಾದರೆ ಜರಿಗಿಡದ ಗುಂಪು, ಟೆರಿಡೋಫೈಟ. ನಾಲ್ಕು, ಬೀಜದ ಸುತ್ತ ಕಾಯಿಯ ಹೊದಿಕೆ ಇದೆಯೇ? ಇಲ್ಲವಾದರೆ ಅನಾವೃತಬೀಜಿ, ಇದ್ದರೆ ಆವೃತಬೀಜಿ. ಮೊದಲ ‘ಇಲ್ಲ’ ಎಲ್ಲಿ ಬಂತೋ ಅಲ್ಲಿಗೆ ನಿಲ್ಲಿ. ಈ ನಾಲ್ಕು ಮೆಟ್ಟಿಲುಗಳು ನೀರಿನಿಂದ ನೆಲಕ್ಕೆ ಸಸ್ಯಗಳು ಬಂದ ದಾರಿಯೂ ಹೌದು. ಮುಂದಿನ ಸೂತ್ರಗಳೆಲ್ಲ ಈ ಮೆಟ್ಟಿಲುಗಳ ಮೇಲೆಯೇ ನಿಂತಿವೆ.

2. ಗಿಡವಲ್ಲದ್ದನ್ನು ಮೊದಲು ಬೇರೆ ಮಾಡಿ

ಮಳೆ ಶುರುವಾದರೆ ಖಾನಾಪುರದ ಕಡೆಯಿಂದ ಅಳಂಬಿ ಬರುತ್ತದೆ. ನೆಲದಿಂದ ಏಳುತ್ತದೆ, ಕಾಂಡದಂಥದ್ದು ಇದೆ, ಆದರೂ ಅದು ಸಸ್ಯವಲ್ಲ, ಶಿಲೀಂಧ್ರ. ಹಸಿರು ಬಣ್ಣವಿಲ್ಲ, ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. 1969ರಲ್ಲಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ಹಂಚಿದಾಗ ಶಿಲೀಂಧ್ರಗಳಿಗೆ ಬೇರೆ ಮನೆಯನ್ನೇ ಕೊಟ್ಟರು. ನೀಲಿ-ಹಸಿರು ಶೈವಲ ಎಂದು ಕರೆಸಿಕೊಳ್ಳುವುದು ನಿಜಕ್ಕೂ ಬ್ಯಾಕ್ಟೀರಿಯಾ, ಅದರ ಕೋಶದಲ್ಲಿ ನಿಜವಾದ ಕೋಶಕೇಂದ್ರ ಇಲ್ಲ. ಮರದ ತೊಗಟೆ ಮೇಲೆ ಬೂದುಬಣ್ಣದ ಚಕ್ಕೆಯಂತೆ ಅಂಟಿಕೊಂಡಿರುವ ಕಲ್ಲುಹೂವು ಶಿಲೀಂಧ್ರ ಮತ್ತು ಶೈವಲದ ಕೂಡುಬಾಳು. ಈ ಮೂರನ್ನೂ ಪಟ್ಟಿಯಿಂದ ಹೊರಗಿಟ್ಟರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

3. ‘ಪಾಚಿ’ ಎಂಬ ಒಂದೇ ಮಾತಿನಲ್ಲಿ ಎರಡು ಗುಂಪಿವೆ ಎಂದು ತಿಳಿಯಿರಿ

ಮನೆಮಾತಿನಲ್ಲಿ ನೀರಿನ ಮೇಲಿನದ್ದೂ ಪಾಚಿ, ಗೋಡೆಯ ಮೇಲಿನದ್ದೂ ಪಾಚಿ. ಪರೀಕ್ಷೆಯಲ್ಲಿ ತಪ್ಪಾಗುವುದು ಇಲ್ಲೇ. ನಿಂತ ನೀರಿನಿಂದ ಹಸಿರನ್ನು ಬೆರಳಲ್ಲಿ ಎತ್ತಿ ಉಜ್ಜಿ. ಲೋಳೆಯಾಗಿ ಜಾರಿ, ಕೂದಲಿನಂಥ ಎಳೆಗಳಾಗಿ ಬಿಟ್ಟುಕೊಂಡರೆ ಅದು ಶೈವಲ, ಬಹುಮಟ್ಟಿಗೆ ಸ್ಪೈರೋಗೈರಾ ಅಥವಾ ಅದರ ಬಳಗ. ಗೋಡೆಯದ್ದನ್ನು ಉಗುರಿನಿಂದ ಕೆರೆದು ಅಂಗೈ ಮೇಲಿಟ್ಟು ನೋಡಿ. ಪುಟಾಣಿ ಎಲೆಗಳಂಥವು ಸಾಲಾಗಿ ಕಂಡರೆ ಹಾವಸೆ.

ಶೈವಲಗಳನ್ನು ಬಣ್ಣದ ಮೇಲೆ ಮೂರಾಗಿ ನೆನಪಿಡಿ. ಹಸಿರು ಶೈವಲದ ಆಹಾರ ಪಿಷ್ಟ. ಕಂದು ಶೈವಲಕ್ಕೆ ಫ್ಯೂಕೋಜ್ಯಾಂಥಿನ್ ಬಣ್ಣ, ಲ್ಯಾಮಿನಾರಿನ್ ಆಹಾರ. ಕೆಂಪು ಶೈವಲಕ್ಕೆ ಫೈಕೋಎರಿಥ್ರಿನ್ ಬಣ್ಣ, ಫ್ಲೋರಿಡಿಯನ್ ಪಿಷ್ಟ. ಕಂದು, ಕೆಂಪು ಬಹುತೇಕ ಸಮುದ್ರದವು. ಕಾರವಾರಕ್ಕೋ ಗೋವಾಕ್ಕೋ ಹೋದಾಗ ಇಳಿತದ ಹೊತ್ತಿನಲ್ಲಿ ಬಂಡೆಗಳನ್ನು ನೋಡಿ. ಬಣ್ಣವೊಂದನ್ನೇ ನಂಬಬೇಡಿ ಎಂಬುದಕ್ಕೂ ನಮ್ಮ ಘಟ್ಟದಲ್ಲೇ ಸಾಕ್ಷಿಯಿದೆ. ಮಲೆನಾಡಿನ ಮರದ ಬೊಡ್ಡೆ, ಜಂಬಿಟ್ಟಿಗೆ ಗೋಡೆಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲಿನಂತೆ ಹರಡುವ ಟ್ರೆಂಟಿಪೋಲಿಯಾ ಹಸಿರು ಶೈವಲವೇ. ಕೆರೋಟಿನ್ ಬಗೆಯ ಬಣ್ಣ ಅದರ ಹಸಿರನ್ನು ಮುಚ್ಚಿದೆ.

4. ಹಾವಸೆಯನ್ನು ಮಂಡಿಯೂರಿ ನೋಡಿ

ಜುಲೈ ತಿಂಗಳಲ್ಲಿ ಬೆಳಗಾವಿ ಕೋಟೆಯ ಗೋಡೆಯ ಬಳಿ ಹೋಗಿ. 1204ರಲ್ಲಿ ರಟ್ಟರ ಕಾಲದಲ್ಲಿ ಎದ್ದ ಕೋಟೆ ಅದು. ಮಳೆ ಕುಡಿದ ಕಲ್ಲಿನ ಮೇಲೆ ಹಾವಸೆ ಜಮಖಾನೆ ಹಾಸಿರುತ್ತದೆ. ನೂರು ರೂಪಾಯಿಯ ಒಂದು ಲೆನ್ಸ್ ಸಾಕು. ಹಸಿರು ಎಲೆಗಳ ನಡುವಿನಿಂದ ಕೆಂಪು ದಾರದಂಥ ಕಡ್ಡಿ ಎದ್ದು, ಅದರ ತುದಿಯಲ್ಲಿ ಸಣ್ಣ ಗಡಿಗೆ ತಲೆ ಬಾಗಿಸಿರುತ್ತದೆ. ಬೀಜಾಣು ತುಂಬಿದ ಗಡಿಗೆ ಅದು.

ಈ ಒಂದು ನೋಟದಲ್ಲಿ ಇಡೀ ಗುಂಪಿನ ಲಕ್ಷಣವಿದೆ. ಕೆಳಗಿನ ಹಸಿರು ಭಾಗ ಗ್ಯಾಮಿಟೋಫೈಟ್, ಅದೇ ಮುಖ್ಯ ಸಸ್ಯ. ಮೇಲಿನ ಕಡ್ಡಿ-ಗಡಿಗೆ ಸ್ಪೋರೋಫೈಟ್, ಅದು ಕೆಳಗಿನದರ ಆಶ್ರಯದಲ್ಲಿ ಬದುಕುತ್ತದೆ. ನಾಳಗಳಿಲ್ಲ, ಹಾಗಾಗಿ ಹಾವಸೆ ಎತ್ತರಕ್ಕೆ ಏಳಲಾರದು. ಬೇರಿನ ಬದಲು ರೈಜಾಯಿಡ್ ಎಂಬ ಎಳೆಗಳಿವೆ. ಗಂಡು ಲಿಂಗಾಣು ನೀರಿನಲ್ಲಿ ಈಜಿಯೇ ಹೆಣ್ಣು ಲಿಂಗಾಣುವನ್ನು ಸೇರಬೇಕು, ಆದ್ದರಿಂದಲೇ ಇವಕ್ಕೆ ಸಸ್ಯಲೋಕದ ಉಭಯವಾಸಿಗಳು ಎಂಬ ಹೆಸರು. ಒಂದು ಎಚ್ಚರಿಕೆ: ತೋಟದ ಹಸಿಮಣ್ಣಿನ ಮೇಲೆ ಚಪ್ಪಟೆ ಹಸಿರು ಬಿಲ್ಲೆಯಂತೆ ಹರಡುವ ರಿಕ್ಸಿಯಾಗೆ ಎಲೆಯಂಥ ಭಾಗವೂ ಇಲ್ಲ. ಆದರೂ ಅದು ಭ್ರೂಣವನ್ನು ಮೈಯಲ್ಲಿಟ್ಟುಕೊಂಡು ಬೆಳೆಸುತ್ತದೆ, ಅದಕ್ಕೇ ಬ್ರಯೋಫೈಟ. ಮೊದಲ ಪ್ರಶ್ನೆ ಭ್ರೂಣದ ಬಗ್ಗೆ ಏಕೆ ಇದೆ ಎಂಬುದು ಈಗ ತಿಳಿಯಿತಲ್ಲ.

5. ಜರಿಗಿಡದ ಎಲೆ ಮಗುಚಿ ನೋಡದೆ ಮುಂದೆ ಹೋಗಬೇಡಿ

ಒಮ್ಮೆ ಜಾಂಬೋಟಿ ರಸ್ತೆಯಲ್ಲಿ ಮಕ್ಕಳೊಂದಿಗೆ ನಡೆಯುತ್ತಿದ್ದಾಗ ಖಾನಾಪುರ ಕಡೆಯ ಹುಡುಗಿಯೊಬ್ಬಳು ಜರಿಗಿಡದ ಎಲೆ ತಂದು ತೋರಿಸಿದಳು. “ಸರ, ಇದಕ್ಕ ಹುಳ ತತ್ತಿ ಇಟ್ಟೈತ್ರಿ.” ಎಲೆಯ ಹಿಂಬದಿ ಕಂದು ಚುಕ್ಕೆಗಳ ಸಾಲು. ಆ ಎಲೆಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೆ ಪುಸ್ತಕ ಇಟ್ಟು, ಬೆಳಿಗ್ಗೆ ನೋಡು ಎಂದೆ. ಮರುದಿನ ಹಾಳೆ ತಂದಳು. ಎಲೆಯ ಆಕಾರವೇ ಕಂದು ಪುಡಿಯಲ್ಲಿ ಮೂಡಿತ್ತು. “ತತ್ತಿ ಅಲ್ರಿ, ಇದು ಬೀಜಾಣು” ಎಂದು ತರಗತಿಗೆ ಅವಳೇ ಹೇಳಿದಳು. ಆ ಚುಕ್ಕೆಗಳ ಹೆಸರು ಸೋರಸ್.

ನಾಳಗಳು ಮೊದಲು ಕಾಣಿಸುವುದು ಈ ಗುಂಪಿನಲ್ಲಿ: ನೀರಿಗೆ ಕ್ಸೈಲಮ್, ಆಹಾರಕ್ಕೆ ಫ್ಲೋಯಮ್. ನಿಜವಾದ ಬೇರು, ಕಾಂಡ, ಎಲೆ ಇವೆ. ಬೀಜ ಮಾತ್ರ ಇಲ್ಲ. ಹಳೆಯ ಗೋಡೆಯ ಬಿರುಕಿನಲ್ಲಿ ಬೆಳೆಯುವ ಟೆರಿಸ್ ಗಿಡದಲ್ಲಿ ಸೋರಸ್ ಎಲೆಯಂಚಿನುದ್ದಕ್ಕೂ ಗೆರೆಯಾಗಿರುತ್ತದೆ. ಕಾಡಿನಲ್ಲಿ ಮರದ ಕೊಂಬೆಗೆ ಮದುಮಗನ ಬಾಸಿಂಗ ಕಟ್ಟಿದಂತೆ ಕಾಣುವುದು ಡ್ರೈನೇರಿಯಾ. ಕೆಲವು ಜರಿಗಿಡಗಳ ಎಲೆಯ ಹಿಂಬದಿಗೆ ಬಿಳಿ ಪುಡಿ ಇರುತ್ತದೆ. ಹಳ್ಳಿಯ ಮಕ್ಕಳು ಅದನ್ನು ಮುಂಗೈಗೆ ಒತ್ತಿ ಹಚ್ಚೆಯಂಥ ಚಿತ್ತಾರ ಮೂಡಿಸಿಕೊಳ್ಳುತ್ತಾರೆ.

6. ಮನೆಯ ಯಜಮಾನ ಯಾರೆಂದು ಕೇಳಿ

ಪೀಳಿಗೆಗಳ ಪರ್ಯಾಯ ಎಂಬ ಭಾಗದಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. ಸರಳ ದಾರಿ ಇದು. ಹಾವಸೆಯಲ್ಲಿ ಗ್ಯಾಮಿಟೋಫೈಟ್ ಯಜಮಾನ, ಸ್ಪೋರೋಫೈಟ್ ಆಶ್ರಿತ. ಜರಿಗಿಡದಲ್ಲಿ ಸ್ಪೋರೋಫೈಟ್ ಯಜಮಾನ, ಆದರೆ ಗ್ಯಾಮಿಟೋಫೈಟ್ ಕೂಡ ಬೇರೆ ಮನೆ ಮಾಡಿಕೊಂಡು ಹೃದಯದಾಕಾರದ ಪುಟ್ಟ ಹಸಿರು ಚೂರಾಗಿ ನೆಲದ ಮೇಲೆ ಬದುಕುತ್ತದೆ. ಬೀಜಸಸ್ಯಗಳಲ್ಲಿ ಸ್ಪೋರೋಫೈಟ್‌ನದೇ ಪೂರ್ಣ ಯಜಮಾನಿಕೆ. ಗ್ಯಾಮಿಟೋಫೈಟ್ ತೀರ ಕುಗ್ಗಿ ಪರಾಗ ಮತ್ತು ಅಂಡಕದ ಒಳಗೆ ಅಡಗಿರುತ್ತದೆ. ಮುಂದೆ ಮುಂದೆ ಹೋದಂತೆ ಒಂದು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಪಟ್ಟಿ ಎಳೆದು ಇದನ್ನು ಚಿತ್ರವಾಗಿ ಬರೆದಿಟ್ಟುಕೊಳ್ಳಿ.

7. ಬರಿಮೈ ಬೀಜವನ್ನು ಉದ್ಯಾನದಲ್ಲಿ ಹುಡುಕಿ

ಅನಾವೃತಬೀಜಿಗಳಿಗಾಗಿ ಹಿಮಾಲಯಕ್ಕೆ ಹೋಗಬೇಕಿಲ್ಲ. ಬೆಳಗಾವಿಯ ಬಂಗಲೆಗಳ ಅಂಗಳದಲ್ಲಿ ಸೈಕಸ್ ಇದೆ, ಮೋರಪಂಖಿ ಇದೆ, ಕ್ರಿಸ್‌ಮಸ್ ಮರವೆಂದು ಬೆಳೆಸುವ ಅರಾಕೇರಿಯಾ ಇದೆ. ಮೋರಪಂಖಿಯ ಪುಟ್ಟ ಕೋನ್ ಬಿಡಿಸಿ ನೋಡಿ. ಸಿಪ್ಪೆ ಇಲ್ಲ, ತಿರುಳಿಲ್ಲ, ಹಲಗೆಯಂಥ ಶಲ್ಕಗಳ ನಡುವೆ ಬೀಜ ಹಾಗೆಯೇ ಕುಳಿತಿದೆ. ಕಾಯಿ ಎಂಬುದೇ ಇಲ್ಲ. ಪರಾಗ ಸಾಗಿಸಲು ಇವು ಹೆಚ್ಚಾಗಿ ಗಾಳಿಯನ್ನು ನಂಬಿವೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ನೀಟಮ್ ಎಂಬ ದಪ್ಪ ಬಳ್ಳಿಯೂ ಇದೇ ಗುಂಪಿನದು. ಅದರ ಎಲೆ ಹಲಸಿನ ಎಲೆಯಂತೆ ಅಗಲವಾಗಿದ್ದು ಮೊದಲ ನೋಟಕ್ಕೆ ಮೋಸ ಮಾಡುತ್ತದೆ.

ದೊಡ್ಡ ಬಲೆ ಗಾಳಿಮರದ್ದು. ವಿದ್ಯಾರ್ಥಿಯಾಗಿದ್ದಾಗ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಗಾಳಿಮರವನ್ನು ಅನಾವೃತಬೀಜಿ ಎಂದು ಬರೆದೆ. ಸೂಜಿಯಂಥ ಎಲೆ, ಕೋನ್‌ನಂಥ ಕಾಯಿ ಕಂಡು ಬರೆದದ್ದು. ಅವೆರಡೂ ಸುಳ್ಳು. ಸೂಜಿಯಂತೆ ಕಾಣುವುದು ಅದರ ಕಿರುಕೊಂಬೆ, ನಿಜವಾದ ಎಲೆಗಳು ಗಿಣ್ಣಿನ ಸುತ್ತ ಹಲ್ಲಿನಂತೆ ಇರುತ್ತವೆ. ‘ಕೋನ್’ ಎಂದುಕೊಂಡದ್ದು ಹಣ್ಣುಗಳ ಗೊಂಚಲು. ಗಾಳಿಮರ ಪಕ್ಕಾ ಹೂಬಿಡುವ ಮರ. ಅಂದಿನಿಂದ ಆಕಾರ ನೋಡಿ ತೀರ್ಮಾನಿಸುವುದನ್ನು ಬಿಟ್ಟೆ.

8. ‘ಹೂವಿಲ್ಲ’, ‘ಬೀಜ ಹೊರಗಿದೆ’ ಎನ್ನುವ ಮೊದಲು ಕತ್ತರಿಸಿ ನೋಡಿ

ನಂದಗಡದಲ್ಲಿ ಆಲದ ಮರದ ಮುಂದೆ ನಿಲ್ಲದವರಿಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ ಅದು. ಆಲಕ್ಕೆ, ಅತ್ತಿಗೆ ಹೂವು ಕಂಡವರು ಅಪರೂಪ. ಹಾಗಾದರೆ ಇವು ಹೂವಿಲ್ಲದ ಗುಂಪಿಗೆ ಸೇರುತ್ತವೆಯೇ? ಒಂದು ಅತ್ತಿಕಾಯಿ ಸೀಳಿ. ಒಳಗೋಡೆಯ ತುಂಬ ನೂರಾರು ಸಣ್ಣ ಹೂಗಳು. ಅಲ್ಲಿಗೆ ಹೋಗಿ ಪರಾಗಸ್ಪರ್ಶ ಮಾಡುವುದು ಪುಟ್ಟ ಕಣಜಗಳು.

ಖಾನಾಪುರ ಕಡೆಯ ಗೇರಿಗೆ ಬನ್ನಿ. ಹಣ್ಣಿನ ಕೆಳಗೆ ಬೀಜ ಹೊರಗೇ ನೇತಾಡುತ್ತದೆ, ಹಾಗಾಗಿ ಅನಾವೃತಬೀಜಿ ಎಂದು ಬರೆದ ಮಕ್ಕಳಿದ್ದಾರೆ. ರಸ ತುಂಬಿದ ಭಾಗ ಹೂವಿನ ತೊಟ್ಟು ಉಬ್ಬಿದ್ದು. ಕೆಳಗಿನ ಬೂದು ಬಣ್ಣದ ಗಟ್ಟಿ ಕಾಯಿಯೇ ನಿಜವಾದ ಹಣ್ಣು, ಗೋಡಂಬಿ ಅದರೊಳಗೆ ಭದ್ರವಾಗಿದೆ.

ಆವೃತಬೀಜಿಗಳ ಗುಂಪಿನ ಕಿರೀಟ ದ್ವಿನಿಷೇಚನೆ, 1898ರಲ್ಲಿ ನವಾಷಿನ್ ಕಂಡುಹಿಡಿದದ್ದು. ಒಂದು ಗಂಡು ಲಿಂಗಾಣು ಅಂಡವನ್ನು ಸೇರಿ ಭ್ರೂಣವಾಗುತ್ತದೆ, ಇನ್ನೊಂದು ಎರಡು ಕೋಶಕೇಂದ್ರಗಳನ್ನು ಸೇರಿ ಭ್ರೂಣಾಹಾರವಾಗುತ್ತದೆ. ನೀವು ಕುಡಿಯುವ ಎಳನೀರು, ತುರಿಯುವ ಕೊಬ್ಬರಿ ಎರಡೂ ಆ ಭ್ರೂಣಾಹಾರವೇ. ತಟ್ಟೆಯ ಅನ್ನವೂ ಬಹುಪಾಲು ಅದೇ.

9. ಏಕದಳ, ದ್ವಿದಳವನ್ನು ಹೊಲದಲ್ಲಿ ಕಲಿಯಿರಿ

ತೊಗರಿ ಒಡೆದರೆ ಎರಡು ಬೇಳೆ. ಕಡಲೆ, ಸೋಯಾ ಅವರೆ, ಶೇಂಗಾ ಎಲ್ಲವೂ ಹಾಗೆಯೇ. ಜೋಳ, ಗೋವಿನಜೋಳ, ಭತ್ತ ಹಾಗೆ ಒಡೆಯುವುದಿಲ್ಲ. ಇನ್ನು ಬೇರು: ತೊಗರಿ ಗಿಡ ಕಿತ್ತರೆ ತಾಯಿಬೇರು, ಜೋಳ ಕಿತ್ತರೆ ದಾರದ ಗೊಂಚಲು. ಎಲೆ: ಹಲಸಿನಲ್ಲಿ ನರಗಳ ಬಲೆ, ಕಬ್ಬಿನಲ್ಲಿ ನೇರ ಗೆರೆ. ಹೂ: ದ್ವಿದಳದಲ್ಲಿ ನಾಲ್ಕು ಅಥವಾ ಐದರ ಲೆಕ್ಕ, ಏಕದಳದಲ್ಲಿ ಮೂರರ ಲೆಕ್ಕ. ಕಾಂಡ: ಕಬ್ಬನ್ನು ಅಡ್ಡ ಕತ್ತರಿಸಿ ತುಂಡಿನ ಮುಖ ನೋಡಿ. ಎರಚಿದಂತೆ ಚುಕ್ಕೆಗಳು ಕಾಣುತ್ತವೆ. ಪ್ರತಿ ಚುಕ್ಕೆಯೂ ಒಂದು ನಾಳದ ಕಟ್ಟು. ಎಳೆಯ ತೊಗರಿ ಕಾಂಡದಲ್ಲಿ ಅವೇ ಕಟ್ಟುಗಳು ಬಳೆಯಂತೆ ಸುತ್ತ ನಿಂತಿರುತ್ತವೆ.

ಐದರಲ್ಲಿ ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಕೆಸುವಿನ ಎಲೆಯಲ್ಲಿ ನರಗಳು ಕವಲೊಡೆದು ಬಲೆಯಾಗಿವೆ, ಆದರೂ ಕೆಸು ಏಕದಳ. ಕನಿಷ್ಠ ಮೂರು ಗುರುತು ಹೊಂದಿದ ಮೇಲೆ ಉತ್ತರ ಬರೆಯಿರಿ.

10. ಗದ್ದೆ ಮತ್ತು ಬಯಲಿನ ವೇಷಧಾರಿಗಳನ್ನು ಗುರುತಿಸಿ

ಖಾನಾಪುರದ ಭತ್ತದ ಗದ್ದೆಯಲ್ಲಿ ನಾಲ್ಕು ಎಸಳಿನ ಒಂದು ಎಲೆ ತೇಲುತ್ತಿರುತ್ತದೆ, ಹುಳಿಸೊಪ್ಪಿನ ತಂಗಿಯಂತೆ. ಹುಳಿಸೊಪ್ಪಿಗೆ ಮೂರೇ ಎಸಳು, ಹಳದಿ ಹೂ. ನಾಲ್ಕೆಸಳಿನದ್ದು ಮಾರ್ಸೀಲಿಯಾ, ಜರಿಗಿಡದ ಬಳಗ. ಅದು ಎಂದೂ ಹೂ ಬಿಡದು. ದನಗಳ ಮೇವಿಗೆಂದು ರೈತರು ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲಾ ಕೂಡ ಜರಿಗಿಡವೇ. ಅದರ ಎಲೆಯ ಪೊಳ್ಳಿನಲ್ಲಿ ವಾಸವಿರುವ ಅನಬೀನಾ ಎಂಬ ನೀಲಿ-ಹಸಿರು ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಆದರೆ ಕೆರೆಯ ಮೇಲೆ ತೇಲುವ ಅಂತರಗಂಗೆ ಹೂಬಿಡುವ ಏಕದಳ ಸಸ್ಯ.

ಮಳೆ ಇಳಿಯುವ ಹೊತ್ತಿಗೆ ಘಟ್ಟದ ಮೇಲಿನ ಜಂಬಿಟ್ಟಿಗೆ ಬಯಲುಗಳಲ್ಲಿ ನೆಲವೇ ನೀಲಿ-ನೇರಳೆ ಆಗುತ್ತದೆ. ನಮ್ಮ ಮರಾಠಿ ನೆರೆಯವರು ಈ ಹೂವನ್ನು ‘ಸೀತೇಚಿ ಆಸವೆ’, ಸೀತೆಯ ಕಣ್ಣೀರು ಎನ್ನುತ್ತಾರೆ. ಯುಟ್ರಿಕ್ಯುಲೇರಿಯಾ ಅದು. ನೆಲದಡಿಯ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಬೇಟೆಯಾಡಿದರೂ ನಾಲ್ಕೂ ಪ್ರಶ್ನೆಗೆ ‘ಹೌದು’ ಎನ್ನುವ ಆವೃತಬೀಜಿ.

11. ನಾಲ್ಕು ಇಸವಿ, ಒಂದು ಪುಸ್ತಕ ನೆನಪಿಡಿ

1753ರಲ್ಲಿ ಲಿನೇಯಸ್ ‘ಸ್ಪೀಶೀಸ್ ಪ್ಲಾಂಟೇರಮ್’ ಪ್ರಕಟಿಸಿದರು, ಕೇಸರಗಳ ಎಣಿಕೆಯ ಮೇಲೆ ನಿಂತ ಕೃತಕ ವರ್ಗೀಕರಣ. 1862ರಿಂದ 1883ರವರೆಗೆ ಬೆಂಥಮ್ ಮತ್ತು ಹೂಕರ್ ಹಲವು ಲಕ್ಷಣಗಳನ್ನು ಒಟ್ಟಿಗೆ ನೋಡುವ ನೈಸರ್ಗಿಕ ವರ್ಗೀಕರಣ ಕೊಟ್ಟರು. ಅನಾವೃತಬೀಜಿಗಳನ್ನು ದ್ವಿದಳ, ಏಕದಳಗಳ ನಡುವೆ ಇಟ್ಟದ್ದು ಅದರ ದೋಷವೆಂದು ಪರೀಕ್ಷೆಯಲ್ಲಿ ಕೇಳುತ್ತಾರೆ. 1998ರಲ್ಲಿ ಎಪಿಜಿ ಎಂಬ ಸಸ್ಯವಿಜ್ಞಾನಿಗಳ ಗುಂಪು ಹೂಬಿಡುವ ಸಸ್ಯಗಳ ನಂಟನ್ನು ಡಿಎನ್‌ಎ ಆಧಾರದ ಮೇಲೆ ಮತ್ತೆ ಜೋಡಿಸಿತು.

ಇದೆಲ್ಲ ದೂರದ ಕಥೆಯಲ್ಲ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. 1901ರಿಂದ 1908ರ ನಡುವೆ ಥಿಯೋಡರ್ ಕುಕ್ ಬರೆದ ಆ ಪ್ರಾಂತದ ಸಸ್ಯಸಂಪತ್ತಿನ ಗ್ರಂಥದಲ್ಲಿ ಗಿಡಗಳು ಸಿಕ್ಕ ಜಾಗವಾಗಿ ಬೆಳಗಾವಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಇನ್ನು ಓದಲೇಬೇಕಾದ ಪುಸ್ತಕ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಸಸ್ಯವಿಜ್ಞಾನಿ ಬರೆದ ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಸೊಗಸಾಗಿ ಯೋಚಿಸಬಹುದು ಎಂಬುದಕ್ಕೆ ಅದಕ್ಕಿಂತ ಬೇರೆ ಪಾಠ ಬೇಡ.

ಸ್ವಾಮಿಯವರಂತೆ ನೀವೂ ನೋಡಿದ್ದನ್ನು ಬರೆದಿಡಿ: ದಿನಾಂಕ, ಜಾಗ, ಒದ್ದೆಯೋ ಒಣವೋ, ನಾಲ್ಕು ಪ್ರಶ್ನೆಗೆ ಉತ್ತರ, ಒಂದು ಚಿತ್ರ. ಭೀಮಗಡ 2011ರಿಂದ ವನ್ಯಜೀವಿಧಾಮ, ಅಲ್ಲಿ ಒಂದು ಎಲೆಯನ್ನೂ ಕೀಳಬೇಡಿ. ಫೋಟೊ ಸಾಕು. ಹೊಲದ ಬದುವಿನಲ್ಲಿ, ರಸ್ತೆಯಂಚಿನಲ್ಲಿ ಕಲಿಯಲು ಬೇಕಾದಷ್ಟಿದೆ.

12. ಮನೆಯಲ್ಲಿ ಒಬ್ಬರಿಗೆ ಕಲಿಸಿ

ಕಲಿತದ್ದು ಗಟ್ಟಿಯಾಗುವುದು ಹೇಳಿಕೊಟ್ಟಾಗ. ಹುಳದ ತತ್ತಿ ಎಂದಿದ್ದ ಆ ಹುಡುಗಿ ಮನೆಗೆ ಹೋಗಿ ಅಡುಗೆಮನೆಯಲ್ಲಿ ಅವ್ವನಿಗೆ ಪಾಠ ಶುರು ಮಾಡಿದಳಂತೆ. ಬೇಳೆ ಆರಿಸುತ್ತಿದ್ದ ಅವ್ವ ಎಲ್ಲ ಕೇಳಿ ಒಂದು ಪ್ರಶ್ನೆ ಹಾಕಿದಳು: “ಹಂಗಾದ್ರ ಶೇಂಗಾ ಯಾವ ಗುಂಪಿಂದವಾ? ಹೂವು ಮ್ಯಾಲ ಬಿಡತೈತಿ, ಕಾಯಿ ಮಣ್ಣಾಗ ಕಟ್ಟತೈತಿ.”

ಹುಡುಗಿ ಮರುದಿನ ಆ ಪ್ರಶ್ನೆಯನ್ನು ತರಗತಿಗೆ ತಂದಳು. ಒಂದು ಶೇಂಗಾ ಒಡೆದೆವು. ಸಿಪ್ಪೆ ಕಾಯಿಯದು, ಬೀಜ ಅದರೊಳಗೆ. ಬೀಜ ಬಿಡಿಸಿದರೆ ಎರಡು ದಳ, ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಭ್ರೂಣದ ಮೊಳಕೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣು ಹೊಕ್ಕು ಕಾಯಿ ಕಟ್ಟುತ್ತದೆ. ಹೊಲದಲ್ಲಿ ಬೆನ್ನು ಬಗ್ಗಿಸಿ ಶೇಂಗಾ ಕಿತ್ತ ಆ ತಾಯಿಗೆ ಇದು ಮೊದಲೇ ಗೊತ್ತಿತ್ತು. ಗುಂಪಿನ ಹೆಸರು ಮಾತ್ರ ಮಗಳು ತಂದುಕೊಟ್ಟಳು. ಇವತ್ತು ರಾತ್ರಿ ನಿಮ್ಮ ಮನೆಯ ಅಡುಗೆಮನೆಯಿಂದಲೇ ಶುರು ಮಾಡಿ.